ಇಂಟು ಮಾರ್ಕು

ಫ್ಲೆಕ್ಸು ಬಂದ ಮೇಲೆ ನನ್ನ ಕುಂಚಕ್ಕೆ ಉಳಿದದ್ದು
ಬಿ.ಎಂ. ರಸ್ತೆಯ ಮುನೀರ್ ಸಾಬರ ಮೀನಂಗಡಿ.
ತಿನ್ನುವ ಮೀನಲ್ಲ, ನೋಡುವ ಮೀನು.
ತೊಟ್ಟಿಗೊಂದು ಹೆಸರು, ಹೆಸರಿನ ಕೆಳಗೆ ರೇಟು.
ಅಕ್ಷರಕ್ಕೆ ಇಷ್ಟು ಅಂತಿಲ್ಲ, ಶನಿವಾರ ಮುನ್ನೂರು, ಒಂದು ಟೀ.

ಹಾಸನಕ್ಕೆ ಸಮುದ್ರ ಬರುವುದು ಕ್ಯಾನಿನಲ್ಲಿ.
ಉಳ್ಳಾಲದಲ್ಲಿ ತುಂಬಿಸಿ, ಬಂಗುಡೆ ಲಾರಿಯ ಹಿಂದೆ ಕಟ್ಟಿ,
ಶಿರಾಡಿಯ ತಿರುವುಗಳಲ್ಲಿ ಕುಲುಕಿ
ಮೂರು ಸಾವಿರ ಅಡಿ ಹತ್ತಿ ಬಂದ ಉಪ್ಪುನೀರು
ಆಲೂಗಡ್ಡೆ ಮೂಟೆಗಳ ಪಕ್ಕ ಇಳಿಯುತ್ತದೆ,
ಅಲೆಯ ಅಭ್ಯಾಸ ಬಿಟ್ಟು.
ಮೀನಿನ ದಾರಿ ಬೇರೆ: ವಿಮಾನ, ಥರ್ಮಾಕೋಲು,
ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬೊಗಸೆ ಉಸಿರು.
ಜೊತೆಗೊಂದು ಚೀಟಿ. ಚೀಟಿ ಹೇಳಿದ್ದೇ ಕುಲ.

ಆ ಸಲ ಚೀಟಿಯಲ್ಲಿ: ಲೆಮನ್ ಪೀಲ್, ಆರು.
ಬರೆದೆ. ನಿಂಬೆಸಿಪ್ಪೆಯ ಹಳದಿ,
ಅವುಗಳ ಕಣ್ಣಿನ ಸುತ್ತಿದ್ದ ನೀಲಿಯನ್ನೇ
ಅಕ್ಷರದ ಅಂಚಿಗೆ ಎಳೆದು.
ಪೀ-ಗೆ ದೀರ್ಘ ಕೊಡುವಾಗ ಗಾಜಿನಾಚೆ ಒಂದು
ನನ್ನ ಕೈಯನ್ನೇ ಹಿಂಬಾಲಿಸಿತು.
ಬಾಲದ ಕಡೆ ಮಸಿ,
ಯಾರೋ ಲಾಂದ್ರದ ಗಾಜಿಗೆ ಒರಸಿ ಬಿಟ್ಟ ಹಾಗೆ.

ನಾಲ್ಕು ಹೆಸರಿನಂತೆಯೇ ಇದ್ದವು.
ಐದನೆಯದನ್ನು ಅರಕಲಗೂಡಿನ ಕಂಟ್ರಾಕ್ಟರು ಒಯ್ದು
ಏಳು ತಿಂಗಳಿಗೆ ಬಕೆಟ್ಟಿನಲ್ಲಿ ತಂದು ಕೌಂಟರಿನ ಮೇಲೆ ಕುಕ್ಕಿದರು:
"ಬಣ್ಣ ಹಚ್ಚಿ ಮಾರ್ತೀರೇನ್ರೀ? ನೋಡಿ, ಬಿಟ್ಟೋಗೈತೆ!"
ಹಳದಿಯಿಲ್ಲ, ಚಾಕ್ಲೇಟು ಕಂದು. ಬಾಲದ ಬುಡದಲ್ಲಿ ಬ್ಲೇಡು.
ಎಲ್ಲರೂ ನನ್ನ ಕಡೆ ತಿರುಗಿದರು.
ಅಲ್ಲಿ ಬಣ್ಣದವನು ನಾನೊಬ್ಬನೇ.

ಕುಮುದಿನಿ ಮೇಡಂ ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು.
ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವರು, ಏನನ್ನೂ ಕೊಳ್ಳದ ಗಿರಾಕಿ.
"ಅದು ಬೇರೆ ಜಾತಿ ಕಣ್ರೀ. ಚಿಕ್ಕದಿರುವಾಗ ನಿಂಬೆಯ ವೇಷ.
ಬೆಳೆದ ಮೇಲೆ ಯಾರ ಭಯ? ಕಳಚಿ ಹಾಕತ್ತೆ."
ಆಮೇಲೆ ಮಸಿಬಾಲದ ಮುಂದೆ ಬಗ್ಗಿ
ಬಹಳ ಹೊತ್ತು ಸುಮ್ಮನಿದ್ದರು.
"ಇದು ವೇಷ ಅಲ್ಲ. ಇದು ಇರೋದೇ ಹೀಗೆ.
ಒಂದು ಕಡೆ ನಿಂಬೆ, ಒಂದು ಕಡೆ ಅರೆಗಪ್ಪು.
ತನ್ನವರು ಕಮ್ಮಿ ಇರೋ ಹವಳದ ದಿಬ್ಬದ ಅಂಚಲ್ಲಿ
ಇದರವ್ವ ಸಂಜೆ ಹೊತ್ತು
ಸಿಕ್ಕವನ ಜೊತೆಯೇ ಮೇಲಕ್ಕೆ ಈಜಿರತ್ತೆ."
"ಹೆಸರು?" ಅಂದೆ, ಕುಂಚ ಅದ್ದಿ.
"ಇಲ್ಲ. ಎರಡೂ ಹೆಸರು ಬರೆದು ನಡುವೆ ಇಂಟು ಮಾರ್ಕು ಹಾಕ್ತಾರೆ."

ನಲವತ್ತು ವರ್ಷದಲ್ಲಿ ನಾನು ಇಂಟು ಹಾಕಿದ್ದು
ರಸ್ತೆ ಅಗಲಿಸುವಾಗ, ಮುನಿಸಿಪಾಲ್ಟಿ ಕೂಲಿಗೆ,
ಒಡೆಯುವ ಗೋಡೆಗಳ ಮೇಲೆ, ಕೆಂಪಿನಲ್ಲಿ.
ಅದರಲ್ಲೊಂದು ನನ್ನ ತಂಗಿಯದೇ.
ಆದರೂ ಹಾಕಿದೆ. ಈ ಸಲ ಹಸಿರಲ್ಲಿ,
ನಾಲ್ಕು ತುದಿಗೂ ಸಣ್ಣ ಬಳುಕು ಕೊಟ್ಟು.

"ಕಾಯಿಲೆನಾ?" ಅಂದರು.
"ಮಾರಾಟಕ್ಕಿಲ್ವಾ?"
"ಸಾಯೋದಾ ಇದು?"
ಮೂರನೆಯ ವಾರ ಮುನೀರ್ ಸಾಬರು ಉಗುರಿನಲ್ಲೇ ಕೆರೆದರು.
ಮತ್ತೆ ಬರೆದೆ: ಲೆಮನ್ ಪೀಲ್.
ಅವತ್ತೇ ಹೋಯಿತು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ.

ನನ್ನ ದವಡೆ ಹಲ್ಲು ನನ್ನನ್ನೂ ಅಲ್ಲಿಗೇ ಒಯ್ದಿತು.
ಸೂಜಿ ಚುಚ್ಚಿ ಹೊರಗೆ ಕೂರಿಸಿದ್ದರು, ಮರಗಟ್ಟಲಿ ಅಂತ.
ಎದುರಿಗೇ ತೊಟ್ಟಿ. ಮಸಿ ಈಗ ಬೆನ್ನಿನವರೆಗೆ ಬಂದಿದೆ.
ಕೆನ್ನೆ ಊದಿದ ಹುಡುಗಿಯೊಬ್ಬಳು ಕೇಳಿದಳು: "ಇದರ ಹೆಸರೇನು?"
ಹೇಳಹೊರಟೆ. ನಿಂಬೆಯನ್ನಲ್ಲ, ಅರೆಗಪ್ಪನ್ನೂ ಅಲ್ಲ,
ನಡುವೆ ಹಾಕಿದ್ದನ್ನು.
ಅರ್ಧ ನಾಲಗೆ ನನ್ನದಾಗಿರಲಿಲ್ಲ.
ಬಂದದ್ದು: "ಇಂಥ್ವೂ."

"ಇಂಥ್ವೂ" ಅಂದಳು, ಗಾಜಿಗೆ ಮೂಗೊತ್ತಿ, ಮೀನಿಗೆ.
ಆಮೇಲೆ ಡ್ರಾಯಿಂಗ್ ಪುಸ್ತಕ ತೆಗೆದು ನನ್ನತ್ತ ನೋಡಿದಳು:
"ಥ-ದ ಕೆಳಗೆ ಏನು ಬರತ್ತೆ?"

ಈ ಊರಿನ ಅರ್ಧ ಬೋರ್ಡುಗಳ ಕಾಗುಣಿತ ನನ್ನದು.
ಗೊತ್ತಿಲ್ಲ ಅಂತ ತಲೆಯಾಡಿಸಿದೆ.